‘ಬೋರ್ಡ್ ಹೋಗಿದೆ’ ಎನ್ನುವವರಿಂದ ನಾಲ್ಕು ಅಂಕಿ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಹಿಡಿದುಕೊಂಡರೆ ಕೊಡಗಿನಲ್ಲಿ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬೀಳುವುದು, ಕರೆಂಟು ಹೋಗಿ, ಬಂದು, ಮತ್ತೆ ಹೋಗುವುದು ಯಾರಿಗೂ ಸುದ್ದಿಯಲ್ಲ. ಅದರ ಬೆನ್ನಿಗೇ ಸಹಕಾರ ಸಂಘ, ಕಾಫಿ ಕ್ಯೂರಿಂಗ್ ಘಟಕ, ಶಾಲೆ, ಹೋಂಸ್ಟೇಗಳ ಮೂಲೆಯಲ್ಲಿ ಕುಳಿತ ಅಸೆಂಬಲ್ಡ್ ಸರ್ವರ್‌ಗಳು ಒಂದೊಂದಾಗಿ ಮುಷ್ಕರ ಹೂಡುತ್ತವೆ. ಬಟನ್ ಒತ್ತಿದರೆ ಉಸಿರಿಲ್ಲ. ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಜೀಪಿನ ಹಿಂದೆ ಹಾಕಿ, ಮೈಸೂರಿಗೆ ಒಯ್ದು, ‘ಬೋರ್ಡ್ ಹೋಗಿದೆ’ ಎಂಬ ಎರಡು ಪದದ ತೀರ್ಪು ಕೇಳಿ ಬರುವುದು ವಾಡಿಕೆಯಾಗಿಬಿಟ್ಟಿದೆ. ಸರ್ವರ್ ಬೋರ್ಡಿನ, ಅಂದರೆ ಒಳಗಿನ ಮದರ್‌ಬೋರ್ಡಿನ, ಬೆಲೆ ಚಿಲ್ಲರೆಯಲ್ಲ. ಆ ತೀರ್ಪಿನ ಜೊತೆಗೆ ನಾಲ್ಕು ಅಳತೆಗಳನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ ಎನ್ನುವುದಕ್ಕೇ ಈ ಪತ್ರ: ಗೋಡೆಯ ಸಾಕೆಟ್ಟಿನದ್ದು ಒಂದು, ಎಸ್‌ಎಂಪಿಎಸ್‌ನ (ಮೇನ್ಸ್ ಕರೆಂಟನ್ನು ಬೋರ್ಡಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುವ ಡಬ್ಬಿ) ನೇರಳೆ, ಹಸಿರು, ಹಳದಿ ತಂತಿಗಳದ್ದು ಮೂರು. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಹದಿನೈದು ನಿಮಿಷದ ಕೆಲಸ.

ಮೊದಲು ಗೋಡೆ. ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟಿನೊಳಗೆ ಇರಬೇಕು. ಇದನ್ನು ವೈರಿಂಗ್ ಬಲ್ಲವರೇ ಅಳೆಯಲಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಎನ್ನುತ್ತಿದ್ದರೆ ಅಳೆಯುವ ಮೊದಲೇ ಉತ್ತರ ಸಿಕ್ಕಂತೆ: ಅರ್ಥ್ ಎಲ್ಲೋ ಕಡಿದಿದೆ. ಎಸ್‌ಎಂಪಿಎಸ್ ಬಾಯಿಯಲ್ಲಿರುವ ಫಿಲ್ಟರಿನ ಎರಡು ಪುಟ್ಟ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್‌ನಿಂದ ಅರ್ಥ್‌ಗೆ ಜೋಡಿಸಿರುತ್ತವೆ. ಅರ್ಥ್ ಇಲ್ಲದಿದ್ದರೆ ಕಬ್ಬಿಣದ ಮೈ ಸುಮಾರು ಅರ್ಧ ವೋಲ್ಟೇಜಿನಲ್ಲಿ, ಅಂದರೆ 115ರ ಹತ್ತಿರ, ತೇಲುತ್ತಿರುತ್ತದೆ. ‘ಮಳೆಗಾಲ, ನೆಲವೆಲ್ಲ ಒದ್ದೆ, ಅರ್ಥಿಂಗ್ ಚೆನ್ನಾಗಿಯೇ ಇರುತ್ತದೆ’ ಎಂಬ ಮಾತು ನಮ್ಮಲ್ಲಿ ಬಹಳ. ಗುಂಡಿ ಎಷ್ಟು ಒದ್ದೆಯಿದ್ದರೇನು, ಅಲ್ಲಿಗೆ ಇಳಿದ ತಂತಿಯ ಬೋಲ್ಟು ತುಕ್ಕು ತಿಂದಿದ್ದರೆ?

ಯುಪಿಎಸ್, ಜನರೇಟರ್ ಕೂಡ ಇದೇ ಸಾಲಿಗೆ ಸೇರುತ್ತವೆ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ, ಅಂದರೆ ಮೇನ್ಸಿನ ಅಲೆಯ ಆಕಾರಕ್ಕೆ ಹೊಂದಿಸಿ ಕರೆಂಟು ಎಳೆಯುವ ಸರ್ಕ್ಯೂಟ್, ಇರುತ್ತದೆ. ಚೌಕಾಕಾರದ ಅಲೆ ಕೊಡುವ ಅಗ್ಗದ ಇನ್ವರ್ಟರ್ ಬ್ಯಾಟರಿಗೆ ಬದಲಾದ ಗಳಿಗೆಯಲ್ಲಿ ಇವುಗಳಲ್ಲಿ ಕೆಲವು ಥಟ್ಟನೆ ಆಫ್ ಆಗುತ್ತವೆ. ಸರ್ವರಿಗೆ ಶುದ್ಧ ಸೈನ್ ವೇವ್ ಯುಪಿಎಸ್ಸೇ ಬೇಕು. ಎಸ್‌ಎಂಪಿಎಸ್‌ನ ಲೇಬಲ್ ಓದಿ: 100–240 ವೋಲ್ಟ್ ಎಂದಿದ್ದರೆ ಸಂಜೆಯ ಕುಂದಿದ ವೋಲ್ಟೇಜನ್ನು ತಡೆದುಕೊಳ್ಳುತ್ತದೆ. ಹೆಚ್ಚು ವಾಟ್‌ನ ಕೆಲವು ಸರ್ವರ್ ಎಸ್‌ಎಂಪಿಎಸ್ ಮಾಡ್ಯೂಲುಗಳ ಮೇಲೆ 200–240 ಎಂದಷ್ಟೇ ಇರುತ್ತದೆ, ಅವು 160 ವೋಲ್ಟಿನಲ್ಲಿ ಏಳದಿದ್ದರೆ ತಪ್ಪು ಅವುಗಳದ್ದಲ್ಲ.

ಗೋಡೆ ಸರಿಯಿದ್ದರೆ ಪವರ್ ಕಾರ್ಡ್ ಕಿತ್ತು, ಬಟನ್ನನ್ನು 15 ಸೆಕೆಂಡು ಒತ್ತಿ ಹಿಡಿದು, ಎರಡು ಮೂರು ನಿಮಿಷ ಬಿಟ್ಟು ಮತ್ತೆ ಹಾಕಿ. ಸಿಡಿಲಿಗೋ ವೋಲ್ಟೇಜ್ ಜಿಗಿತಕ್ಕೋ ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಬಾಗಿಲು ಹಾಕಿಕೊಂಡಿರಬಹುದು, ಹಾಗಿದ್ದರೆ ಮೇನ್ಸ್ ಪೂರ್ತಿ ಕಿತ್ತು ಒಳಗಿನ ಚಾರ್ಜ್ ಇಳಿಯುವವರೆಗೆ ತೆರೆಯುವುದಿಲ್ಲ. ಕಾರ್ಡ್ ಹಾಕಿದ ಮರುಕ್ಷಣವೇ ಬಟನ್ ಒತ್ತುವ ಆತುರವೂ ಬೇಡ. ಸರ್ವರ್ ಬೋರ್ಡಿನಲ್ಲಿ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರು ಬೇರೆಯೇ ಇದೆ, ಅದು ತಾನು ಎದ್ದು ಕೂರಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ, ಎಷ್ಟೋ ಬೋರ್ಡುಗಳಲ್ಲಿ ಅಲ್ಲಿಯವರೆಗೆ ಬಟನ್‌ಗೆ ಬೆಲೆಯಿಲ್ಲ. ಅದರ ಪಕ್ಕದ ಹಸಿರು ಎಲ್‌ಇಡಿ ಒಂದೇ ಲಯದಲ್ಲಿ ಮಿನುಗತೊಡಗಿದ ಮೇಲೆ ಒತ್ತಿ. ಹಾಗೆ ಮಿನುಗುತ್ತಿದ್ದರೆ ಇನ್ನೊಂದು ಅನುಕೂಲವಿದೆ: ಸರ್ವರ್ ಆಫ್ ಇದ್ದರೂ ನೆಟ್‌ವರ್ಕ್ ಕೇಬಲ್ ಮೂಲಕ ಬಿಎಂಸಿಯ ಪುಟ ತೆರೆದು ಈವೆಂಟ್ ಲಾಗ್ ಓದಬಹುದು. ಯಾವ ವೋಲ್ಟೇಜ್ ಕುಸಿಯಿತು, ಯಾವ ಎಸ್‌ಎಂಪಿಎಸ್ ಬಿದ್ದಿತು ಎಂಬುದು ಹಲವು ಸಲ ಅಲ್ಲೇ ಬರೆದಿರುತ್ತದೆ. ಕರೆಂಟು ಬಂದ ಮೇಲೆ ತಾನಾಗಿ ಏಳಲಿಲ್ಲ ಎಂಬ ದೂರಿಗಂತೂ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಪುಟದಲ್ಲಿ) ‘ವಿದ್ಯುತ್ ಮರಳಿದಾಗ ಏನು ಮಾಡಬೇಕು’ ಎಂಬ ಆಯ್ಕೆ ‘ಆಫ್ ಆಗಿಯೇ ಇರು’ ಎಂದಿರುವುದೇ ಕಾರಣವಾಗಿರಬಹುದು.

ಇನ್ನು ತಂತಿಗಳು. 24 ಪಿನ್ನಿನ ದೊಡ್ಡ ಕನೆಕ್ಟರ್ ಬೋರ್ಡಿನಲ್ಲೇ ಇರಲಿ. ಮೀಟರಿನ ಕಪ್ಪು ಕಡ್ಡಿಯನ್ನು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಸ್ಕ್ರೂಗೆ ಹಿಡಿದು, ಕೆಂಪು ಕಡ್ಡಿಯನ್ನು ಕನೆಕ್ಟರಿನ ಹಿಂಬದಿಯಿಂದ, ತಂತಿ ಒಳಹೋಗುವ ಸಂದಿಯಲ್ಲಿ ಇಳಿಸಿ. 9ನೇ ಪಿನ್ ನೇರಳೆ, ಇದು ಸ್ಟ್ಯಾಂಡ್‌ಬೈ. ಸರ್ವರ್ ಆಫ್ ಇದ್ದಾಗಲೂ 4.75ರಿಂದ 5.25 ವೋಲ್ಟ್ ಇರಲೇಬೇಕು. ಸೊನ್ನೆಯಿದ್ದರೆ ಪವರ್ ಕಾರ್ಡ್ ತೆಗೆದು, ಕನೆಕ್ಟರ್ ಕಿತ್ತು, ಪವರ್ ಕಾರ್ಡ್ ಹಾಕಿ ಮತ್ತೆ ಅಳೆಯಿರಿ. ಈಗಲೂ ಸೊನ್ನೆಯೆಂದರೆ ಎಸ್‌ಎಂಪಿಎಸ್ ಹೋಗಿದೆ, ಬೋರ್ಡಿನ ಮೇಲೆ ಆರೋಪವಿಲ್ಲ. ಕಿತ್ತಾಗ 5 ಬಂದು ಹಾಕಿದಾಗ ಬಿದ್ದುಹೋದರೆ ಬೋರ್ಡಿನ ಮೇಲೆ ಏನೋ ಅದನ್ನು ಎಳೆದು ಕೂರಿಸುತ್ತಿದೆ. ಆಗ ಮೊದಲು ನೋಡಬೇಕಾದ್ದು ಯುಎಸ್‌ಬಿ ಪೋರ್ಟುಗಳು: ಪೆನ್‌ಡ್ರೈವ್ ಉಲ್ಟಾ ತುರುಕಿ ಬಾಗಿಸಿದ ಒಂದು ಪಿನ್ ಇಷ್ಟು ಮಾಡಬಲ್ಲದು.

16ನೇ ಪಿನ್ ಹಸಿರು. ರೋಗನಿರ್ಣಯವೆಲ್ಲ ಈ ಒಂದು ತಂತಿಯಲ್ಲಿದೆ, ಆದರೆ ಇದನ್ನು ಅಳೆಯುವವರೇ ಅಪರೂಪ. ಸರ್ವರ್ ಆಫ್ ಇದ್ದಾಗ ಇದರಲ್ಲಿ 2 ವೋಲ್ಟಿಗಿಂತ ಹೆಚ್ಚು, ಸಾಮಾನ್ಯವಾಗಿ 3ರಿಂದ 5, ಇರುತ್ತದೆ. ಬಟನ್ ಒತ್ತಿದಾಗ ಬೋರ್ಡ್ ಇದನ್ನು ನೆಲಕ್ಕೆಳೆಯುತ್ತದೆ, ಅಳತೆ 0.8ಕ್ಕಿಂತ ಕೆಳಗಿಳಿಯಬೇಕು. ಅದು ಎಸ್‌ಎಂಪಿಎಸ್‌ಗೆ ಬೋರ್ಡ್ ಕೊಡುವ ‘ಶುರು ಮಾಡು’ ಎಂಬ ಅಪ್ಪಣೆ. ಬಟನ್ ಒತ್ತಿದರೂ ಹಸಿರು ಮೇಲೆಯೇ ನಿಂತಿದ್ದರೆ ಅಪ್ಪಣೆಯೇ ಹೊರಟಿಲ್ಲ. ಹುಡುಕಬೇಕಾದ್ದು ಬಟನ್, ಅದರ ತಂತಿ, ಬಿಎಂಸಿ, ಬೋರ್ಡ್. ಹಸಿರು ಕೆಳಗಿಳಿದೂ 10ನೇ ಪಿನ್ನಿನ ಹಳದಿಯಲ್ಲಿ 11.4ರಿಂದ 12.6 ವೋಲ್ಟ್ ಬರದಿದ್ದರೆ ಅಪ್ಪಣೆ ಹೊರಟಿದೆ, ಪಾಲನೆಯಾಗಿಲ್ಲ. ಎಸ್‌ಎಂಪಿಎಸ್ ಕೆಟ್ಟಿದೆ, ಇಲ್ಲವೇ ಮುಂದೆಲ್ಲೋ ಶಾರ್ಟ್ ಇದೆ.

ಬಟನ್ನಿನ ಮೇಲೆ ಅನುಮಾನ ಬಂದರೆ ಅದರ ತಂತಿ ಕಿತ್ತು, ಬೋರ್ಡಿನ ಪವರ್ ಸ್ವಿಚ್ ಎಂದು ಬರೆದ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಸರ್ವರ್ ಎದ್ದರೆ ಕೆಟ್ಟಿದ್ದು ಕೆಲವು ರೂಪಾಯಿಯ ಸ್ವಿಚ್. ತೇವಕ್ಕೆ ತುಕ್ಕು ಹಿಡಿದ ಸ್ವಿಚ್ ಒತ್ತಿದಂತೆಯೇ ಸಿಕ್ಕಿಕೊಂಡರೆ ಇನ್ನೊಂದು ವಿಚಿತ್ರ ಕಾಣುತ್ತದೆ: ಸರ್ವರ್ ಏಳುತ್ತದೆ, ಸರಿಯಾಗಿ ನಾಲ್ಕು ಸೆಕೆಂಡಿಗೆ ಮಲಗುತ್ತದೆ. ಬಟನ್ ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಬಲವಂತವಾಗಿ ಆಫ್ ಆಗುವುದು ನಿಯಮವಷ್ಟೆ, ಬೋರ್ಡ್ ಅದನ್ನೇ ಪಾಲಿಸುತ್ತಿದೆ. ಇದನ್ನೂ ‘ಬೋರ್ಡ್ ಹೋಗಿದೆ’ ಪಟ್ಟಿಗೆ ಸೇರಿಸುವವರಿದ್ದಾರೆ.

ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಲು ಹಸಿರನ್ನು ಪಕ್ಕದ ಕಪ್ಪಿಗೆ ಪೇಪರ್ ಕ್ಲಿಪ್‌ನಿಂದ ಸೇರಿಸುವ ಉಪಾಯ ಎಲ್ಲರಿಗೂ ಗೊತ್ತು. ಎರಡು ಎಚ್ಚರಿಕೆ ಮಾತ್ರ. ಫ್ಯಾನ್ ತಿರುಗದಿದ್ದರೆ ಸತ್ತಿದೆ ಎಂದುಕೊಳ್ಳಬೇಡಿ, ಲೋಡ್ ಕಡಿಮೆಯಿದ್ದಾಗ ಫ್ಯಾನ್ ನಿಲ್ಲಿಸಿಡುವ ಮಾದರಿಗಳಿವೆ, ಮೀಟರಿನಲ್ಲಿ ನೋಡಿ. ಫ್ಯಾನ್ ತಿರುಗಿದರೆ ಚೆನ್ನಾಗಿದೆ ಎಂದೂ ಅಲ್ಲ, ಲೋಡ್ ಬಿದ್ದಾಗ ಕುಸಿಯಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 400 ವೋಲ್ಟಿನ ಹತ್ತಿರ ಡಿಸಿ ಇರುತ್ತದೆ, ಕಾರ್ಡ್ ಕಿತ್ತ ಮೇಲೂ ಉಳಿದಿರಬಹುದು.

ಫ್ಯಾನುಗಳು ಒಮ್ಮೆ ಬೆಚ್ಚಿಬಿದ್ದಂತೆ ಅರ್ಧ ಸುತ್ತು ತಿರುಗಿ ನಿಂತರೆ ಅದು ಶಾರ್ಟಿನ ಗುರುತು. ಪವರ್ ಕಾರ್ಡ್ ಕಿತ್ತು, ಹಾರ್ಡ್ ಡಿಸ್ಕುಗಳ ಪವರ್, ರೈಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ಕಾರ್ಡ್), ಹೆಚ್ಚುವರಿ ರ್‍ಯಾಮ್ ಎಲ್ಲ ತೆಗೆದು ಒಂದು ಸಿಪಿಯು, ಒಂದು ರ್‍ಯಾಮ್ ಪಟ್ಟಿಗೆ ಇಳಿಸಿ. ಎದ್ದರೆ ಒಂದೊಂದಾಗಿ ಸೇರಿಸುತ್ತ ಬನ್ನಿ. ಮೊದಲ ಆರೋಪಿ ಹೆಚ್ಚಾಗಿ ಮೊಲೆಕ್ಸ್ ಎಂಬ ಹಳೆಯ ಪವರ್ ಕನೆಕ್ಟರನ್ನು ಡಿಸ್ಕಿನ ಸಾಟಾ ಕನೆಕ್ಟರಿಗೆ ಬದಲಿಸುವ, ಅಚ್ಚು ಹಾಕಿದ ಅಗ್ಗದ ಅಡಾಪ್ಟರ್. ಒಳಗಿನ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟಿರುತ್ತವೆ, ಮೂಸಿದರೇ ಗೊತ್ತಾಗುತ್ತದೆ. ಡಿಸ್ಕು ಹೆಚ್ಚಿದ್ದಾಗ ಶಾರ್ಟ್ ಇಲ್ಲದೆಯೂ ಹೀಗಾಗಬಹುದು: ಮೂರೂವರೆ ಇಂಚಿನ ಒಂದು ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಎಂಟು ಡಿಸ್ಕ್ ಒಟ್ಟಿಗೆ ಎದ್ದರೆ 190 ವಾಟ್ ಮೀರಿತು.

ಎಲ್ಲ ತೆಗೆದರೂ ಬೆಚ್ಚುವುದು ನಿಲ್ಲದಿದ್ದರೆ ಸಿಪಿಯು ಪಕ್ಕದ 8 ಪಿನ್ನಿನ ಕನೆಕ್ಟರ್ ಮಾತ್ರ ಕಿತ್ತು ನೋಡಿ. ಈಗ ಫ್ಯಾನ್ ಸರಾಗ ತಿರುಗಿದರೆ ಶಾರ್ಟ್ ಸಿಪಿಯು ವೋಲ್ಟೇಜ್ ಭಾಗದಲ್ಲಿದೆ. ಕಾರ್ಡ್ ಕಿತ್ತಿದ್ದಾಗಲೇ ಆ ಸಾಕೆಟ್ಟಿನ ಹಳದಿ–ಕಪ್ಪು ಪಿನ್ನುಗಳ ನಡುವೆ ಓಮ್ ಅಳೆದರೆ ಸೊನ್ನೆಗೆ ಅಂಟಿಕೊಂಡಿರುತ್ತದೆ. ಹೀಗೆ ತೋರಿಸಿದ ಮೇಲೆ ‘ಬೋರ್ಡ್ ಹೋಗಿದೆ’ ಎಂದರೆ ಒಪ್ಪೋಣ. ಅದಕ್ಕೂ ಮೊದಲು ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ರಟ್ಟಿನ ಮೇಲಿಟ್ಟು ಒಮ್ಮೆ ನೋಡಿ. ಬೋರ್ಡಿನಲ್ಲಿ ತೂತಿಲ್ಲದ ಜಾಗದಲ್ಲಿ ಒಂದು ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬ) ಉಳಿದುಬಿಟ್ಟಿದ್ದರೆ ಬೆನ್ನಿಗೆ ಚುಚ್ಚಿ ಶಾರ್ಟ್ ಮಾಡುತ್ತದೆ. 12×13 ಇಂಚಿನ ಸರ್ವರ್ ಬೋರ್ಡನ್ನು ಸಾಮಾನ್ಯ ಕ್ಯಾಬಿನೆಟ್ಟಿಗೆ ಕೂರಿಸಿದಲ್ಲಿ ಈ ತಪ್ಪು ಸುಲಭ.

ಅಸೆಂಬಲ್ ಮಾಡುವವರಿಗೆ ಒಂದು ಮಾತು, ತುಸು ಖಾರವಾಗಿಯೇ. ಸಿಪಿಯುವಿನ 8 ಪಿನ್ನಿನಲ್ಲಿ ನಾಲ್ಕು ಹಳದಿ, ನಾಲ್ಕು ಕಪ್ಪು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ನಿನಲ್ಲಿ ಮೂರು ಹಳದಿ, ಐದು ಕಪ್ಪು. ಒತ್ತಿ ಕೂರಿಸಿದರೆ ಕೂತಂತೆ ಕಾಣುತ್ತದೆ, ಹಳದಿಗೆ ಕಪ್ಪು ತಾಗುತ್ತದೆ. ಒಂದು ಕಂಪನಿಯ ಮಾಡ್ಯುಲರ್ (ಎಸ್‌ಎಂಪಿಎಸ್‌ನಿಂದಲೂ ಕಳಚಬಹುದಾದ) ಕೇಬಲನ್ನು ಇನ್ನೊಂದರ ಎಸ್‌ಎಂಪಿಎಸ್‌ಗೆ ಹಾಕುವುದಂತೂ ಡಿಸ್ಕುಗಳನ್ನು ಕೈಯಾರೆ ಸುಡುವ ಕೆಲಸ, ಏಕೆಂದರೆ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಏಕರೂಪವಿಲ್ಲ. ಎಸ್‌ಎಂಪಿಎಸ್ ಬದಲಿಸಿದರೆ ಕೇಬಲ್ಲುಗಳನ್ನೂ ಪೂರ್ತಿ ಬದಲಿಸಿ.

ಫ್ಯಾನು ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಗಿದ್ದರೆ ಅದು ಪವರ್ ಸಮಸ್ಯೆಯೇ ಅಲ್ಲದಿರಬಹುದು. ಸರ್ವರುಗಳಿಗೆಂದೇ ಇರುವ ರಿಜಿಸ್ಟರ್ಡ್ ರ್‍ಯಾಮ್ ಜೊತೆ ಸಾಮಾನ್ಯ ರ್‍ಯಾಮ್ ಬೆರೆಸಿದ್ದಾರೆಯೇ, ಪಟ್ಟಿ ಕೈಪಿಡಿ ಹೇಳಿದ ಸ್ಲಾಟಿನಲ್ಲಿದೆಯೇ, ಎರಡು ಸಾಕೆಟ್ಟಿನ ಬೋರ್ಡಿನಲ್ಲಿ ಒಂದೇ ಸಿಪಿಯು ಇದ್ದರೆ ಅದು ಮೊದಲನೆಯ ಸಾಕೆಟ್ಟಿನಲ್ಲಿದೆಯೇ ನೋಡಿ. ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ 3 ವೋಲ್ಟಿನಿಂದ 2.7ರ ಕೆಳಗಿಳಿದಿದ್ದರೆ ಬದಲಿಸಿಬಿಡಿ.

ತೇವದ ಮಾತು ಉಳಿಯಿತು. ಕಾಫಿಯನ್ನು ಹತ್ತು–ಹನ್ನೊಂದು ಪ್ರತಿಶತ ತೇವಕ್ಕೆ ಒಣಗಿಸಲು ಮೀಟರ್ ಹಿಡಿದು ನಿಲ್ಲುವ ಜಿಲ್ಲೆ ನಮ್ಮದು. ಅದೇ ಕಚೇರಿಯ ಸರ್ವರ್ ಕೋಣೆಯಲ್ಲಿ ಗಾಳಿಯ ತೇವ ಎಷ್ಟೆಂದು ಕೇಳಿದರೆ ಉತ್ತರವಿಲ್ಲ. ಕೆಲವು ನೂರು ರೂಪಾಯಿಯ ಹೈಗ್ರೋಮೀಟರ್ ಗೋಡೆಗೆ ಹಾಕಿ, 60 ಪ್ರತಿಶತ ದಾಟದಂತೆ ಡಿಹ್ಯುಮಿಡಿಫೈಯರ್ ಓಡಿಸಿ. ಮಳೆಗಾಲವಿಡೀ ಆಫ್ ಇಟ್ಟ ಸರ್ವರ್ ಓಡುತ್ತಿರುವುದಕ್ಕಿಂತ ಬೇಗ ಕೆಡುತ್ತದೆ. ಬೆಚ್ಚಗಿನ ಮೈಗೆ ಬೂಷ್ಟು ಹತ್ತುವುದಿಲ್ಲ, ತಣ್ಣಗಿನ ಗೂಡಿಗೆ ಇರುವೆ, ಹಲ್ಲಿ ಎಲ್ಲ ಬಾಡಿಗೆಗೆ ಬರುತ್ತವೆ. ರ್‍ಯಾಮಿನ ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜುವ ಮನೆಮದ್ದಿಗಿಂತ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ ಮೇಲು, ರಬ್ಬರಿನ ಪುಡಿ ಸ್ಲಾಟಿನೊಳಗೆ ಉಳಿಯುತ್ತದೆ. ನೀರಿಳಿದ ಬೋರ್ಡಿಗೆ ಒಲೆಯ ಮೇಲಿನ ಅಟ್ಟ ಬೇಡ, ಫ್ಯಾನ್ ಗಾಳಿಯಲ್ಲಿ ಎರಡು ದಿನ ಇಡಿ, ಅಲ್ಲಿಯವರೆಗೆ ಬ್ಯಾಟರಿ ತೆಗೆದಿರಿ.

ಇಷ್ಟಾಗಿಯೂ ಬೋರ್ಡನ್ನು ಘಟ್ಟ ಇಳಿಸಲೇಬೇಕಾದರೆ ಭಾರದ ಕೂಲರ್ ಬಿಚ್ಚಿ, ಸಿಪಿಯು ತೆಗೆದು, ಸಾಕೆಟ್ಟಿಗೆ ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಮುಚ್ಚಳವಿಲ್ಲದೆ ಪಿನ್ ಬಾಗಿದರೆ ವಾರಂಟಿ ಸಿಗುವುದು ಕಷ್ಟ. ಅಳೆದ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಬೋರ್ಡನ್ನು ಆಂಟಿ ಸ್ಟ್ಯಾಟಿಕ್ ಚೀಲದಲ್ಲೇ ಹಾಕಿ, ಹಳೆಯ ಪತ್ರಿಕೆಯಲ್ಲಿ ಸುತ್ತಬೇಡಿ, ಈ ಪತ್ರ ಅಚ್ಚಾದ ಸಂಚಿಕೆಯಲ್ಲೂ.

– ಸರ್ವರ್ ದುರಸ್ತಿ ಮಾಡುವ ಕೆಲವರು, ಕುಶಾಲನಗರ