ಒಂಬತ್ತನೇ ಮಹಡಿಯ ಬಾಗಿಲು

ಪುಟ್ಟಿ,

ನಿನ್ನೆ ಊಟದ ಹೊತ್ತಿನಲ್ಲಿ ದನಿ ಏರಿಸಿದ್ದು ನನ್ನದೇ ತಪ್ಪು. ನ್ಯೂಯಾರ್ಕಿನಲ್ಲಿ ನೀನು ಕೆಲಸ ಮಾಡಲಿರುವ ಬ್ರೌನ್ ಬಿಲ್ಡಿಂಗ್ ಹಿಂದೆ ಆಷ್ ಬಿಲ್ಡಿಂಗ್ ಆಗಿತ್ತು ಅಂದಿದ್ದಕ್ಕೆ ನೀನು "ಅದು ಫೈರ್‌ಪ್ರೂಫ್ ಕಟ್ಟಡ, ಸುಮ್ಮನಿರಪ್ಪ" ಅಂದೆ. ನಿಜವೇ. 1911ರ ಮಾರ್ಚ್ 25ರಂದು ಅಲ್ಲಿನ ಕಾರ್ಖಾನೆಗೆ ಬೆಂಕಿ ಬಿದ್ದಾಗಲೂ ಅದು ಫೈರ್‌ಪ್ರೂಫ್ ಆಗಿಯೇ ಇತ್ತು. ಗೋಡೆಗಳು ಗಟ್ಟಿಯಾಗಿ ನಿಂತವು, ಅದಕ್ಕೇ ಇವತ್ತು ನಿನಗಲ್ಲಿ ಲ್ಯಾಬ್ ಇದೆ. ಸತ್ತದ್ದು 146 ಜನ, ಅವರಲ್ಲಿ 123 ಹೆಂಗಸರು. ಮುಕ್ಕಾಲುಪಾಲು ನಿನಗಿಂತ ಚಿಕ್ಕವರು, ಇಟಲಿಯಿಂದ, ರಷ್ಯಾದಿಂದ ಹೊಟ್ಟೆಪಾಡಿಗೆ ಬಂದ ಹುಡುಗಿಯರು.

ಅವರು ಹೆಂಗಸರ ಬ್ಲೌಸ್ ಹೊಲಿಯುತ್ತಿದ್ದ ಆ ಟ್ರಯಾಂಗಲ್ ಕಾರ್ಖಾನೆ 8, 9, 10ನೇ ಮಹಡಿಗಳಲ್ಲಿತ್ತು. ಶನಿವಾರ ಸಂಜೆ ಕೆಲಸ ಬಿಡುವ ಹೊತ್ತಿಗೆ ಎಂಟನೇ ಮಹಡಿಯಲ್ಲಿ ಕಟಿಂಗ್ ಟೇಬಲಿನ ಕೆಳಗಿನ ಚಿಂದಿ ಪೆಟ್ಟಿಗೆಗೆ ಕಿಡಿ ಬಿತ್ತು, ಬಹುಶಃ ಸಿಗರೇಟಿನದು. ಚಿಂದಿ ಕೊಳ್ಳುವವನು ಜನವರಿಯಿಂದ ಬಂದಿರಲಿಲ್ಲ. ಬಿಗಿಯಾಗಿ ಸುತ್ತಿದ ಥಾನಿಗೆ ಬೆಂಕಿ ಹತ್ತಿದರೆ ಮೊದಲು ಹೊಗೆಯಾಡುತ್ತದೆ, ಓಡಲು ಸಮಯ ಸಿಗುತ್ತದೆ. ಬಿಡಿ ಚಿಂದಿಯ ನಡುವೆ ಗಾಳಿ ಇರುತ್ತದೆ, ಭುಗಿಲ್ಲೆನ್ನುತ್ತದೆ. ಎಂಟರವರು ಹತ್ತಕ್ಕೆ ಫೋನ್ ಮಾಡಿದರು. ಒಂಬತ್ತಕ್ಕೆ ಯಾರೂ ಹೇಳಲಿಲ್ಲ.

ಒಂಬತ್ತರಲ್ಲಿ ಎರಡು ಮೆಟ್ಟಿಲಿದ್ದವು, ಗ್ರೀನ್ ಸ್ಟ್ರೀಟ್ ಕಡೆ ಒಂದು, ವಾಷಿಂಗ್ಟನ್ ಪ್ಲೇಸ್ ಕಡೆ ಇನ್ನೊಂದು. ಬಟ್ಟೆ ಕದಿಯುತ್ತಾರೆಂದು ಎಲ್ಲರನ್ನೂ ಗ್ರೀನ್ ಸ್ಟ್ರೀಟ್ ಬಾಗಿಲಲ್ಲೇ ಬ್ಯಾಗ್ ತೆರೆಸಿ ನೋಡಿ ಬಿಡುತ್ತಿದ್ದರು. ಆದ್ದರಿಂದ ಇನ್ನೊಂದಕ್ಕೆ ಬೀಗ. ಕಾರ್ಖಾನೆಯ ಬಾಗಿಲಿಗೆ ಕೆಲಸದ ವೇಳೆ ಬೀಗ ಹಾಕಬಾರದು ಎಂಬ ಕಾನೂನು ಆಗಲೇ ಇತ್ತು, ಗೊತ್ತಾ? ಬಾಗಿಲು ಹೊರಗೆ ತೆರೆಯಬೇಕು ಅಂತಲೂ ಇತ್ತು, ಆದರೆ "ಸಾಧ್ಯವಿದ್ದಲ್ಲಿ" ಅಂತ ಬಾಲ ಸೇರಿಸಿದ್ದರು. ಮೆಟ್ಟಿಲಿನ ಮುಂದೆ ಜಾಗ ಇಕ್ಕಟ್ಟು, ಹೊರಗೆ ತೆರೆದರೆ ದಾರಿಗೇ ಅಡ್ಡ. ಹಾಗಾಗಿ ಒಳಕ್ಕೇ ತೆರೆಯುವಂತೆ ಕೂರಿಸಿದರು. ಒಳಕ್ಕೆ ತೆರೆಯುವ ಬಾಗಿಲಿಗೆ ಹತ್ತು ಜನ ಹಿಂದಿನಿಂದ ಒತ್ತಿದರೆ ಬೀಗವೇ ಬೇಡ, ಮುಂದೆ ನಿಂತವಳು ಎಳೆಯುವುದಾದರೂ ಹೇಗೆ? ಹೊರಗಿನ ಕಬ್ಬಿಣದ ಏಣಿ ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕದವರ ಏಣಿ ಆರನೇ ಮಹಡಿಗೇ ನಿಂತಿತು.

ಆಮೇಲೆ ಅವಶೇಷದಲ್ಲಿ ಆ ಬೀಗ ಸಿಕ್ಕಿತು, ನಾಲಿಗೆ ಹೊರಚಾಚಿಕೊಂಡೇ ಇತ್ತು. ಅದನ್ನು ಕೋರ್ಟಿಗೂ ತಂದರು. ಆದರೂ ಡಿಸೆಂಬರಿನಲ್ಲಿ ಮಾಲೀಕರಾದ ಬ್ಲ್ಯಾಂಕ್, ಹ್ಯಾರಿಸ್ ಖುಲಾಸೆಯಾದರು. ಬೀಗ ಹಾಕಿತ್ತು ಎಂದು ತೋರಿಸಿದರೆ ಸಾಲದು, ಆ ಕ್ಷಣದಲ್ಲಿ ಹಾಕಿದೆ ಎಂಬುದು ಮಾಲೀಕರಿಗೆ ಗೊತ್ತಿತ್ತು ಎಂದೂ ರುಜುವಾಗಬೇಕಿತ್ತು. 1914ರಲ್ಲಿ ಸಿವಿಲ್ ದಾವೆಗಳು ಒಂದು ಜೀವಕ್ಕೆ 75 ಡಾಲರಿನಂತೆ ರಾಜಿಯಾದವು. ಅದಕ್ಕೆ ಹಿಂದಿನ ವರ್ಷವೇ ಬ್ಲ್ಯಾಂಕ್ ಇನ್ನೊಂದು ಕಾರ್ಖಾನೆಯಲ್ಲಿ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದಿದ್ದ. ದಂಡ 20 ಡಾಲರ್. ಈ 20ನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಬೀಗದ ಮಾತೇ ಆಯಿತು, ಕ್ಷಮಿಸು. ನೀನು ಕೇಳಿದ್ದು ಬೇರೆ: "ಆಮೇಲೆ ಏನಾದರೂ ಬದಲಾಯಿತಾ?" ಆಯಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯ ಕಾರ್ಖಾನೆ ತನಿಖಾ ಆಯೋಗ ನೇಮಿಸಿತು. ರಾಬರ್ಟ್ ವ್ಯಾಗ್ನರ್ ಅಧ್ಯಕ್ಷ, ಆಲ್ ಸ್ಮಿತ್ ಉಪಾಧ್ಯಕ್ಷ. ಇಬ್ಬರೂ ಟ್ಯಾಮನಿ ಹಾಲ್ ಎಂಬ ಪಕ್ಕಾ ಪುಢಾರಿ ಕೂಟದ ಆಳುಗಳು. ಸುಧಾರಕರ ಕಣ್ಣಿಗೆ ಅವರೇ ರೋಗ. ಆದರೆ ಮಸೂದೆಗೆ ವೋಟು ಕೂಡಿಸುವ ವಿದ್ಯೆ ಗೊತ್ತಿದ್ದುದು ಅವರಿಗೇ. ಆಯೋಗಕ್ಕಾಗಿ ತನಿಖೆ ಮಾಡುತ್ತಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಎಂಬಾಕೆ ಈ ಇಬ್ಬರಿಗೆ ಭಾಷಣ ಮಾಡುತ್ತ ಕೂರಲಿಲ್ಲ, ಕಾರ್ಖಾನೆಗಳಿಗೇ ಕರೆದುಕೊಂಡು ಹೋದಳು. ಒಂದು ಕಡೆ "ತುರ್ತು ದಾರಿ" ಎಂದು ಬರೆದ ಗೋಡೆಯ ಕಿಂಡಿಯಲ್ಲಿ ವ್ಯಾಗ್ನರ್‌ನನ್ನೇ ತೂರಿಸಿದಳು. ಆಚೆ ಹಿಮ ಕಟ್ಟಿದ ಏಣಿ, ಅದೂ ನೆಲದಿಂದ 12 ಅಡಿ ಮೇಲೇ ಮುಗಿದಿತ್ತು.

ಅದಾದ ಒಂದೆರಡು ವರ್ಷದಲ್ಲಿ ಬೆಂಕಿ ಬಿದ್ದರೆ ಹೊರಬೀಳುವ ಡ್ರಿಲ್, ಎತ್ತರದ ಕಾರ್ಖಾನೆಗಳಿಗೆ ಬಿಸಿ ತಾಗಿದರೆ ತಾನೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್, ತಪಾಸಣೆಗೆ ಹೆಚ್ಚು ಜನ, ಹೀಗೆ ಸಾಲಾಗಿ ಕಾನೂನು ಬಂದವು. ಸ್ಪ್ರಿಂಕ್ಲರಿನ ವಿದ್ಯೆ ಹೊಸದೇನಲ್ಲ, ಅಮೆರಿಕದ ಈಶಾನ್ಯದ ನ್ಯೂ ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ದಶಕಗಳಿಂದ ಇತ್ತು. ನ್ಯೂಯಾರ್ಕಿನಲ್ಲಿ ಹಾಕಲೇಬೇಕೆಂದು ಯಾರೂ ಹೇಳಿರಲಿಲ್ಲ, ಅಷ್ಟೇ. 1933ರಲ್ಲಿ ಪರ್ಕಿನ್ಸ್ ಅಮೆರಿಕದ ಕಾರ್ಮಿಕ ಸಚಿವೆಯಾದಳು, ಅಲ್ಲಿನ ಸಂಪುಟದಲ್ಲಿ ಮೊದಲ ಹೆಂಗಸು.

ನಿನ್ನ ಸ್ಕಾಲರ್‌ಶಿಪ್ಪಿನ ಸುದ್ದಿ ಬಂದ ದಿನ ನನ್ನ ಬಾಯಲ್ಲಿ ಶಹಬ್ಬಾಸ್ ಬರಲಿಲ್ಲ, "ಯಾವ ಬಿಲ್ಡಿಂಗು?" ಅಂದುಬಿಟ್ಟೆ. ಅಮ್ಮ ಇನ್ನೂ ಅದಕ್ಕೆ ಬೈಯುತ್ತಿದ್ದಾಳೆ. ಖುಷಿಯಾಗಿದೆ ಪುಟ್ಟಿ, ಹೇಳಲು ಬರುವುದಿಲ್ಲ ನನಗೆ.

ಈ ಕಾಗದ ಚಟ್ನಿಪುಡಿ ಡಬ್ಬಿಯ ಕೆಳಗಿಟ್ಟಿದ್ದೇನೆ. ಮೊದಲ ದಿನ ಲಿಫ್ಟು ಬಿಟ್ಟು ಎರಡೂ ಮೆಟ್ಟಿಲಲ್ಲಿ ಒಮ್ಮೆ ಇಳಿದು ನೋಡು. ನಿನ್ನ ಮೇಜಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ಎಣಿಸಿಕೋ, ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಲೆಕ್ಕವೇ ಗತಿ. ಬಾಗಿಲು ತಳ್ಳಿದರೆ ತೆರೆಯಿತೋ, ಎಳೆಯಬೇಕಾಯಿತೋ, ಅಷ್ಟು ಮೆಸೇಜ್ ಹಾಕು. ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ, ಪರವಾಗಿಲ್ಲ, ಎದ್ದೇ ಇರುತ್ತೇನೆ.

ಅಪ್ಪ