ಹೂವಿನ ಐಸ್‌ಕ್ರೀಂ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಲ್ಯಾವೆಂಡರ್ ಐಸ್‌ಕ್ರೀಂ ತಿಂದರೆ ಸೋಪು ನೆಕ್ಕಿದಂತಾಯಿತೆಂದು ಬರೆದಿದ್ದೀಯೆ. ಇನ್ನು ಹೂವಿನ ಹೆಸರಿರುವ ಯಾವ ಐಸ್‌ಕ್ರೀಮನ್ನೂ ಮುಟ್ಟುವುದಿಲ್ಲವೆಂದೂ ಸೇರಿಸಿದ್ದೀಯೆ. ನಿನ್ನ ನಾಲಿಗೆ ಸುಳ್ಳು ಹೇಳಿಲ್ಲ, ಆದರೆ ತೀರ್ಪು ಅವಸರದ್ದಾಯಿತು ಎಂದು ನನಗನ್ನಿಸುತ್ತದೆ. ಇಂಥ ರುಚಿಗಳನ್ನು ಬಹುಕಾಲದಿಂದ ಆಸೆಯಿಂದ ಹುಡುಕಿ ತಿನ್ನುತ್ತ, ಕೈಯಾರೆ ಮಾಡಿಯೂ ನೋಡುತ್ತ ಬಂದವನಾದ್ದರಿಂದ, ಹೂವಿನ ಪರವಾಗಿ ನಾಲ್ಕು ಮಾತು ಹೇಳದೆ ಇರಲಾರೆ.

ಮೊದಲು ಸೋಪಿನ ಮಾತನ್ನೇ ಎತ್ತಿಕೊಳ್ಳುತ್ತೇನೆ. ಲ್ಯಾವೆಂಡರಿನ ಗಂಧಕ್ಕೆ ಮುಖ್ಯ ಕಾರಣವಾದ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಎಂಬ ಸಂಯುಕ್ತಗಳನ್ನು ಸೋಪು, ಶಾಂಪೂ, ಬಟ್ಟೆ ತೊಳೆಯುವ ಪುಡಿಗಳಿಗೂ ಧಾರಾಳವಾಗಿ ಬೆರೆಸುತ್ತಾರೆ. ಹೂವನ್ನು ಕಾಣುವ ಮೊದಲೇ ಆ ವಾಸನೆಯನ್ನು ನಾವು ಬಚ್ಚಲುಮನೆಯಲ್ಲಿ ಪರಿಚಯಿಸಿಕೊಂಡಿರುತ್ತೇವೆ. ಹೀಗಾಗಿ ಅದು ಬಾಯಿಗೆ ಬಂದಾಗ ತಿನಿಸೆಂದು ಒಪ್ಪಿಕೊಳ್ಳಲು ಮನಸ್ಸು ಹಿಂದೇಟು ಹಾಕುತ್ತದೆ. ಇದರ ಜೊತೆಗೆ ತಳಿಯ ಪ್ರಶ್ನೆಯೂ ಇದೆ. ಎಣ್ಣೆಗಾಗಿ ದೊಡ್ಡ ಪ್ರಮಾಣದಲ್ಲಿ ಬೆಳೆಯುವ ಲ್ಯಾವೆಂಡಿನ್ ಎಂಬ ಮಿಶ್ರತಳಿಯಲ್ಲಿ ಕರ್ಪೂರದ ಅಂಶ ಹೆಚ್ಚು. ಅಡುಗೆಗೆ ಒಗ್ಗುವ ಲವಾಂಡುಲ ಅಂಗಸ್ಟಿಫೋಲಿಯ ಎಂಬ ಪ್ರಭೇದದಲ್ಲಿ ಅದು ಬಹಳ ಕಡಿಮೆ. ನೀನು ತಿಂದದ್ದು ಯಾವುದರಿಂದ ಮಾಡಿದ್ದೋ ನಾನು ಹೇಳಲಾರೆ, ಆದರೆ ಔಷಧಿಯಂಥ ಘಾಟು ಗಂಟಲಲ್ಲಿ ಉಳಿದಿದ್ದರೆ ಸಂಶಯಪಡಬೇಕಾದದ್ದು ಕರ್ಪೂರವನ್ನು.

ಇನ್ನೊಂದು ಕಾರಣ ಚಳಿಯದು, ಮತ್ತು ಅದೇ ದೊಡ್ಡದು. ನಾಲಿಗೆಯ ರುಚಿಕೋಶಗಳಲ್ಲಿದ್ದು ಸಿಹಿಯ ಸಂಕೇತವನ್ನು ದಾಟಿಸುವ ಟಿಆರ್‌ಪಿಎಂ5 ಎಂಬ ಅಯಾನು ನಾಳವು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂದವಾಗಿದ್ದು, 35 ಡಿಗ್ರಿಯತ್ತ ಏರಿದಂತೆ ಚುರುಕಾಗುತ್ತದೆಂದು 2005ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕರಗಿದ ಐಸ್‌ಕ್ರೀಂ ಗಟ್ಟಿ ಐಸ್‌ಕ್ರೀಮಿಗಿಂತ ಅತಿಸಿಹಿ ಎನಿಸಲು ಇದು ಮುಖ್ಯ ಕಾರಣ. ಪರಿಮಳದ ಕಥೆಯೂ ಬೇರೆಯಲ್ಲ: ಗಂಧದ ಕಣಗಳು ಕೆನೆಯ ಕೊಬ್ಬಿನಲ್ಲಿ ಅಡಗಿದ್ದು, ಬಾಯಿಯ ಬಿಸಿಗೆ ಕರಗಿದ ಮೇಲೆಯೇ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುತ್ತವೆ. ತಣ್ಣಗಿರುವಾಗ ಹೂವು ತಿಳಿಯುವುದಿಲ್ಲವೆಂದು ತಯಾರಕರು ಒಂದು ಪಾಲು ಹೆಚ್ಚಾಗಿಯೇ ಸುರಿಯುತ್ತಾರೆ. ಮೊದಲ ಕ್ಷಣ ಸರಿಯೆನಿಸಿದ್ದು ಕರಗಿದೊಡನೆ ಅತ್ತರಿನ ಬಾಟಲಿ ತೆರೆದಂತೆ ಹರಡಿಕೊಳ್ಳುತ್ತದೆ. ಒಳ್ಳೆಯ ಹೂವಿನ ಐಸ್‌ಕ್ರೀಮಿನಲ್ಲಿ ಯಾವ ಹೂವೆಂದು ಕೂಡಲೇ ಗುರುತಿಸಲಾಗಬಾರದು, ನುಂಗಿದ ಮೇಲೆ ಅದು ತಾನಾಗಿ ತಿಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅರ್ಧ ಲೀಟರ್ ಹಾಲು ಮತ್ತು ಕೆನೆಯ ಮಿಶ್ರಣಕ್ಕೆ ಒಂದು ಟೀ ಚಮಚ ಒಣ ಲ್ಯಾವೆಂಡರ್ ಮೊಗ್ಗು ಸಾಕು. ಬಿಸಿ ಮಾಡಿ ಒಲೆಯಿಂದ ಇಳಿಸಿದ ಮೇಲೆ ಅದನ್ನು ಹಾಕಿ, ಮುಚ್ಚಿಟ್ಟು, ಹತ್ತು ಹದಿನೈದು ನಿಮಿಷದೊಳಗೆ ಶೋಧಿಸಿಬಿಡಬೇಕು. ಅದಕ್ಕಿಂತ ಹೆಚ್ಚು ಹೊತ್ತು ನೆನೆದರೆ ಗಂಧದ ಹಿಂದೆಯೇ ಕಹಿಯೂ ಒಗರೂ ಇಳಿಯುತ್ತವೆ. ಸ್ವಲ್ಪ ಜೇನು, ನಿಂಬೆಸಿಪ್ಪೆಯ ತುರಿ, ಚಿಟಿಕೆ ಉಪ್ಪು ಜೊತೆಗಿದ್ದರೆ ಆ ಹೂವು ಬಚ್ಚಲುಮನೆಯನ್ನು ಬಿಟ್ಟು ಅಡುಗೆಮನೆಗೆ ಬರುತ್ತದೆ.

ಹೂವನ್ನು ತಿನ್ನಲಾರೆ ಎಂಬ ನಿನ್ನ ಮಾತಿಗೆ ನನ್ನ ಬಳಿ ಇನ್ನೊಂದು ಉತ್ತರವಿದೆ. ನಿನಗೆ ಎಂದಿನಿಂದಲೂ ಪ್ರಿಯವಾದ ವೆನಿಲ್ಲಾ ಒಂದು ಆರ್ಕಿಡ್ ಬಳ್ಳಿಯ ಕಾಯಿ. ಮೆಕ್ಸಿಕೋ ಮೂಲದ ಆ ಬಳ್ಳಿಯನ್ನು ಬೇರೆ ನಾಡುಗಳಿಗೆ ಒಯ್ದಾಗ ಹೂ ಬಿಟ್ಟಿತೇ ಹೊರತು ಕಾಯಿ ಕಚ್ಚಲಿಲ್ಲ, ಏಕೆಂದರೆ ಪರಾಗಸ್ಪರ್ಶ ಮಾಡುವ ಕೀಟಗಳು ಅಲ್ಲಿರಲಿಲ್ಲ. ಹೂವು ಅರಳಿ ನಿಲ್ಲುವುದೂ ಒಂದೇ ದಿನ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಗುಲಾಮನಾಗಿದ್ದ ಹನ್ನೆರಡು ವರ್ಷದ ಎಡ್ಮಂಡ್ ಎಂಬ ಹುಡುಗ, ಹೂವಿನೊಳಗಿನ ತೆಳುಪೊರೆಯನ್ನು ಸಣ್ಣ ಕಡ್ಡಿಯಿಂದ ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ, ಕಾಯಿ ಕಟ್ಟಿಸುವ ಸುಲಭವಾದ ಬಗೆಯನ್ನು ಕಂಡುಕೊಂಡ. ಎಡ್ಮಂಡ್ ಆಲ್ಬಿಯಸ್ ಎಂದು ಮುಂದೆ ಹೆಸರಾದ ಅವನಿಗೆ 1848ರಲ್ಲಿ ಬಿಡುಗಡೆ ದೊರೆಯಿತು, ಆದರೆ ಆ ಕೈಚಳಕದಿಂದ ಬೆಳೆದ ಸಂಪತ್ತಿನಲ್ಲಿ ಪಾಲು ದೊರೆಯಲಿಲ್ಲ. 1880ರಲ್ಲಿ ಅವನು ಬಡತನದಲ್ಲಿಯೇ ತೀರಿಕೊಂಡ. ಇಂದಿಗೂ ತೋಟಗಳಲ್ಲಿ ವೆನಿಲ್ಲಾ ಹೂಗಳನ್ನು ಒಂದೊಂದಾಗಿ ಅವನ ಬಗೆಯಲ್ಲಿಯೇ ಮುಟ್ಟುತ್ತಾರೆ. ಕೊಯ್ದ ಹಸಿ ಕಾಯಿಗೆ ಆ ಪರಿಮಳವಿರುವುದಿಲ್ಲ, ತಿಂಗಳುಗಟ್ಟಲೆ ಹದಗೊಳಿಸಿದ ಮೇಲೆಯೇ ಅದು ಹುಟ್ಟುತ್ತದೆ. ಇಷ್ಟು ವಿಚಿತ್ರವಾದ ವಸ್ತು ನಮಗೆ ‘ಸಾದಾ’ ಎನಿಸುವಷ್ಟು ಬಳಕೆಗೆ ಬಂದಿರುವಾಗ, ಮಲ್ಲಿಗೆಯನ್ನೂ ಗುಲಾಬಿಯನ್ನೂ ಒಂದೇ ಚಮಚಕ್ಕೆ ತಳ್ಳಿಹಾಕುವುದು ನ್ಯಾಯವೇ?

ಗುಲಾಬಿಯಿಂದ ಆರಂಭಿಸು, ಅದು ಎಲ್ಲಕ್ಕಿಂತ ಸುಲಭ. ಪನ್ನೀರಿನಲ್ಲಿ ಮುಖ್ಯವಾಗಿ ಉಳಿಯುವ ಫಿನೈಲ್ ಇಥೈಲ್ ಆಲ್ಕೋಹಾಲ್ ಎಂಬ ಗಂಧದ ಸಂಯುಕ್ತ ನೀರಿನಲ್ಲಿ ಕರಗುವಂಥದ್ದಾದ್ದರಿಂದ, ಪನ್ನೀರಿನ ಗಂಧ ಗುಲಾಬಿ ಎಣ್ಣೆಗಿಂತ ಮೃದುವಾಗಿರುತ್ತದೆ. ಇರಾನಿನ ಬಸ್ತನಿ ಎಂಬ ಐಸ್‌ಕ್ರೀಮಿನಲ್ಲಿ ಪನ್ನೀರು, ಕೇಸರಿ, ಪಿಸ್ತಾ ಒಟ್ಟಿಗೆ ಬರುತ್ತವೆ, ಮತ್ತು ಕೇಸರಿಯ ನಸುಗಹಿ ಗುಲಾಬಿಯನ್ನು ಅತಿಯಾಗದಂತೆ ಹಿಡಿದು ನಿಲ್ಲಿಸುತ್ತದೆ. ಟರ್ಕಿಯ ದೊಂದುರ್ಮ ಬೇರೆಯೇ ಜಾತಿಯದು: ಅದು ಎಳೆದರೆ ಹಿಗ್ಗುತ್ತದೆ, ಏಕೆಂದರೆ ಅದಕ್ಕೆ ಕಾಡು ಆರ್ಕಿಡ್‌ಗಳ ಗೆಡ್ಡೆಯನ್ನು ಒಣಗಿಸಿ ಪುಡಿ ಮಾಡಿದ ಸಲೆಪ್ ಬೆರೆಸುತ್ತಾರೆ. ಈ ಆಸೆಗೆ ಸಿಕ್ಕಿ ಅಲ್ಲಿನ ಆರ್ಕಿಡ್‌ಗಳು ಕ್ಷೀಣಿಸಿ, ನಿಜವಾದ ಸಲೆಪ್ಪಿನ ರಫ್ತನ್ನು ಆ ದೇಶ ನಿಷೇಧಿಸಿದೆ. ಎಲ್ಲವನ್ನೂ ತಿಂದು ನೋಡಬೇಕೆಂಬ ನನ್ನಂಥವರೂ ಈ ಒಂದನ್ನು ಬೇಡವೆನ್ನುವುದು ಒಳ್ಳೆಯದು.

ಮಲ್ಲಿಗೆಯದು ಸೂಕ್ಷ್ಮ ಸ್ವಭಾವ, ಬಿಸಿಯನ್ನು ಅದು ತಾಳುವುದಿಲ್ಲ. ಕೊಯ್ದ ಮೇಲೆಯೂ ಗಂಧ ಸೂಸುತ್ತಲೇ ಇರುವ ಹೂವಾದ್ದರಿಂದ, ಹಿಂದೆ ಫ್ರಾನ್ಸಿನ ಗ್ರಾಸ್ ಪಟ್ಟಣದ ಅತ್ತರು ತಯಾರಕರು ಅದನ್ನು ತಣ್ಣನೆಯ ಕೊಬ್ಬಿನ ಮೇಲೆ ಹರವಿ, ದಿನವೂ ಹೊಸ ಹೂ ಬದಲಿಸಿ, ಪರಿಮಳವನ್ನು ಕೊಬ್ಬಿಗೆ ಹೀರಿಸುತ್ತಿದ್ದರು. ಕೆನೆಯೂ ಕೊಬ್ಬೇ ಅಲ್ಲವೇ? ತಣ್ಣನೆಯ ಕೆನೆಯಲ್ಲಿ ಹೂಗಳನ್ನು ರಾತ್ರಿಯಿಡೀ ಮುಳುಗಿಸಿಟ್ಟು ಬೆಳಿಗ್ಗೆ ಶೋಧಿಸಿದಾಗ ದೊರೆಯುವ ಸ್ವಾದ ಯಾವ ಎಸೆನ್ಸಿನಲ್ಲಿಯೂ ನನಗೆ ಸಿಕ್ಕಿಲ್ಲ. ಆದರೆ ಮಾರಾಟದ ಹೂವಿಗೆ ಕೀಟನಾಶಕ ಸಿಂಪಡಿಸಿರುತ್ತಾರೆ, ಕಣಗಿಲೆಯಂಥ ಹೂಗಳು ವಿಷವೇ ಆಗಿವೆ, ಸುಗಂಧಕ್ಕೆಂದು ಮಾರುವ ಎಣ್ಣೆಗಳು ತಿನ್ನಲು ತಕ್ಕವಲ್ಲ. ತಿನ್ನಲೆಂದೇ ಬೆಳೆದ ಹೂವಲ್ಲದೆ ಬೇರೆಯದನ್ನು ಬಳಸಬೇಡ.

ಹೂವಿನಾಚೆಯ ವಿಚಿತ್ರ ರುಚಿಗಳೂ ಹೊಸ ಕಾಲದ ಹುಚ್ಚೇನಲ್ಲ. ಫ್ರೆಡರಿಕ್ ನಟ್ ಎಂಬ ಲಂಡನ್ನಿನ ಮಿಠಾಯಿಗಾರ 1789ರಲ್ಲಿಯೇ ಪಾರ್ಮೆಸಾನ್ ಚೀಸಿನ ಐಸ್‌ಕ್ರೀಂ ಮಾಡುವ ಬಗೆಯನ್ನು ಅಚ್ಚು ಹಾಕಿಸಿದ್ದ. ಇಂಥ ಉಪ್ಪು ರುಚಿಗಳಿಗೆ ಅಡ್ಡಿ ಬರುವುದು ಸಕ್ಕರೆಯ ಕೊರತೆ: ಸಕ್ಕರೆ ತಗ್ಗಿದರೆ ಐಸ್‌ಕ್ರೀಂ ಕಲ್ಲಾಗುತ್ತದೆ. ಅದಕ್ಕೆ ಬಲ್ಲವರು ಗ್ಲೂಕೋಸ್ ಪುಡಿ ಸೇರಿಸುತ್ತಾರೆ. ಅದರ ಸಿಹಿ ಕಡಿಮೆ, ಘನೀಕರಣ ಬಿಂದುವನ್ನು ಇಳಿಸುವ ಶಕ್ತಿ ಹೆಚ್ಚು. ಇನ್ನೊಂದು ಅಡ್ಡಿ ನಮ್ಮ ನಿರೀಕ್ಷೆಯದು. ಬಾಣಸಿಗ ಹೆಸ್ಟನ್ ಬ್ಲೂಮೆಂಥಾಲ್ ಅವರೂ ಪಾಲುಗೊಂಡು 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ, ಹೊಗೆಯಾಡಿಸಿದ ಸಾಲ್ಮನ್ ಮೀನಿನ ಐಸ್‌ಕ್ರೀಮನ್ನು ಐಸ್‌ಕ್ರೀಂ ಎಂದೇ ಹೇಳಿ ಕೊಟ್ಟಾಗ ಜನ ಅದನ್ನು ಅಸಹ್ಯಪಟ್ಟರು, ಉಪ್ಪು ಅತಿಯಾಯಿತೆಂದರು. ಅದನ್ನೇ ತಣ್ಣನೆಯ ಉಪ್ಪು ರುಚಿಯ ಮೂಸ್ (ನೊರೆಯಂತೆ ಹಗುರಾದ ತಿನಿಸು) ಎಂಬ ಹೆಸರಿನಲ್ಲಿ ಕೊಟ್ಟಾಗ ಒಪ್ಪಿಕೊಂಡರು. ಲ್ಯಾವೆಂಡರ್ ಬಾಯಿಗೆ ಬಂದಾಗ ನಿನಗಾದದ್ದೂ ಬಹುಮಟ್ಟಿಗೆ ಇದೇ ಇರಬೇಕು.

ಆದ್ದರಿಂದ ಮುಂದಿನ ಸಲ ಹೀಗೆ ಮಾಡು. ಫ್ರೀಜರಿನಿಂದ ತೆಗೆದು ಕೆಲವು ನಿಮಿಷ ಬಿಟ್ಟು, ಚಮಚದ ತುದಿಯಷ್ಟನ್ನು ಮಾತ್ರ ಬಾಯಿಗಿಟ್ಟು, ಅಗಿಯದೆ ಕರಗಲು ಬಿಡು. ಬಳಿಕ ಮೂಗಿನಿಂದ ನಿಧಾನವಾಗಿ ಉಸಿರು ಹೊರಗೆ ಬಿಡು. ಹೆಸರನ್ನು ಕೇಳದೆ ತಿನ್ನಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಗುಲಾಬಿ, ಮಲ್ಲಿಗೆ ಒಗ್ಗಿದ ಮೇಲೆ ವಯೋಲೆಟ್ ಹೂವಿನದನ್ನು ಹುಡುಕು. ಅದರ ಗಂಧಕ್ಕೆ ಕಾರಣವಾದ ಅಯೊನೋನ್ ಎಂಬ ಸಂಯುಕ್ತಗಳಲ್ಲಿ ಬೀಟಾ-ಅಯೊನೋನ್ ಎಂಬುದು ಎಲ್ಲರಿಗೂ ಒಂದೇ ರೀತಿ ತಿಳಿಯುವುದಿಲ್ಲ. ಒಆರ್5ಎ1 ಎಂಬ ಒಂದೇ ವಂಶವಾಹಿಯ ವ್ಯತ್ಯಾಸದಿಂದ ಕೆಲವರಿಗೆ ಅದು ಹೂವಿನ ಪರಿಮಳವಾಗಿಯೂ ಕೆಲವರಿಗೆ ಹುಳಿಯಾಗಿ, ಘಾಟಾಗಿಯೂ ತೋರುತ್ತದೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ನನಗೆ ಅದು ನಿಸ್ಸಂಶಯವಾಗಿ ಹೂವು. ನಿನಗೆ ಹುಳಿಯೆನಿಸಿದರೆ ನಾನು ವಾದಿಸುವುದಿಲ್ಲ, ಆ ಒಂದು ರುಚಿಯ ಮಟ್ಟಿಗೆ ನಿನ್ನ ಮೂಗಿನ ಮಾತೇ ಕೊನೆ. ತಿಂದ ದಿನವೇ, ನೆನಪು ಹಸಿಯಾಗಿರುವಾಗ, ಏನನ್ನಿಸಿತೆಂದು ವಿವರವಾಗಿ ಬರೆ.

ಇಂತಿ ನಿನ್ನ ಗೆಳೆಯ