ಮಿಷನ್ ಆಮೇಲೆ, ಮೊದಲು ಗೆಡ್ಡೆ

ಹಾಸನ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಆಲೂಗೆಡ್ಡೆ ಚಿಪ್ಸ್ ಘಟಕ ಹಾಕುತ್ತೇನೆಂದು ಬರೆದಿದ್ದೀಯ. ಓದಿ ತುಂಬ ಸಂತೋಷವಾಯಿತು. ನಮ್ಮ ಬೆಳೆಗೆ ನಮ್ಮೂರಲ್ಲೇ ಬೆಲೆ ಹುಟ್ಟಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಆದರೆ ಮಿಷನ್ನಿಗೆ ಅಡ್ವಾನ್ಸ್ ಕೊಡಬೇಡ, ಇನ್ನೂ.

ನಾನು ಇದರಲ್ಲೇ ಕೈ ಸುಟ್ಟುಕೊಂಡವನು. ಕೋಲ್ಡ್ ಸ್ಟೋರೇಜಿನಲ್ಲಿದ್ದ ಕುಫ್ರಿ ಜ್ಯೋತಿ ತಳಿಯ ಗೆಡ್ಡೆ ತಂದು, ಹೆರೆದು ಬಾಣಲೆಗೆ ಬಿಟ್ಟೆ. ನೋಡನೋಡುತ್ತ ಅಂಚು ಕೆಂಪಾಯಿತು, ಜಾಲರಿಯಲ್ಲಿ ಎತ್ತುವಷ್ಟರಲ್ಲಿ ಹಳೇ ಬೆಲ್ಲದ ಬಣ್ಣ, ಬಾಯಿಗಿಟ್ಟರೆ ಕಹಿ. ಎಣ್ಣೆ ಬದಲಿಸಿದೆ, ಉರಿ ತಗ್ಗಿಸಿದೆ, ಪಾಪ, ಕರಿಯುವವನನ್ನು ಬೈದೆ. ದೋಷ ಇದ್ದದ್ದು ಗೆಡ್ಡೆಯೊಳಗೆ. 2–4 ಡಿಗ್ರಿ ಚಳಿಯಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ; ಆ ಸಕ್ಕರೆಯೇ ಎಣ್ಣೆಯಲ್ಲಿ ಕಪ್ಪಾಗುವುದು.

ಜಲಂಧರದ ಬಿತ್ತನೆ ತಂದು ಮೇ–ಜೂನ್‌ನಲ್ಲಿ ನಾಟಿ ಮಾಡಿ, ಮಳೆಯಲ್ಲೇ ಬೆಳೆಯುವ ನಮ್ಮ ಗೆಡ್ಡೆಯಲ್ಲಿ ನೀರಿನಂಶವೂ ಜಾಸ್ತಿ. ಸಾರು–ಪಲ್ಯಕ್ಕೆ ಚೆನ್ನ, ಚಿಪ್ಸಿಗೆ ಹಾಕಿದರೆ ಎಣ್ಣೆ ಕುಡಿಯುತ್ತದೆ. ಚಿಪ್ಸಿಗೆಂದೇ ಚಿಪ್ಸೋನಾ ತಳಿ ಇದೆ. ಅದನ್ನು ಬೆಳೆದುಕೊಡಲು ನಾಲ್ಕು ಜನ ರೈತರು ಒಪ್ಪುತ್ತಾರಾ ಕೇಳು. ಅಂಗಮಾರಿ ರೋಗ ಬಿದ್ದ ವರ್ಷ ಅವರ ಗತಿ ಏನು, ನಿನ್ನ ಪಾಲೆಷ್ಟು, ಅದನ್ನೂ ಬಾಯಿಬಿಟ್ಟು ಮಾತಾಡು.

ಮಿಡಿಸೌತೆ (ಗರ್ಕಿನ್) ಕಂಪನಿಗಳನ್ನೇ ನೋಡು. ನಮ್ಮವರು ಊಟಕ್ಕೆ ಹಚ್ಚಿಕೊಳ್ಳದ ಕಾಯಿ, ಡ್ರಮ್ಮು ತುಂಬಿ ಹಡಗು ಹತ್ತುತ್ತದೆ. ಬೀಜ ಕೊಟ್ಟು, ದರ ಮೊದಲೇ ಹೇಳಿ ಕರಾರು ಮಾಡಿಕೊಂಡಿದ್ದರಿಂದ ಅದು ಬೆಳೆಯಿತು. ಕಾಯಿ ಸಣ್ಣದಿದ್ದಷ್ಟೂ ಬೆಲೆ ಹೆಚ್ಚು. ಒಂದು ದಿನ ಕೀಳದೆ ಬಿಟ್ಟರೆ ಗ್ರೇಡು ಇಳಿಯಿತು. ಮನೆಮಂದಿಯೆಲ್ಲ ಬೆಳಗ್ಗೆ ಬೆಳಗ್ಗೆ ಸೊಂಟ ಬಗ್ಗಿಸಿ ಕೀಳುವ ಆ ಶ್ರಮ ನಿನಗೆ ಗೊತ್ತಿರಲಿ. ನೀನು ಗ್ರೇಡ್ ಮಾಡುವಾಗ ತಕ್ಕಡಿ ರೈತನ ಕಣ್ಣೆದುರೇ ಇರಬೇಕು. ಇದೊಂದು ಮಾತು ನನಗಾಗಿ ನಡೆಸಿಕೊಡು.

ಸಣ್ಣ ಆಹಾರ ಘಟಕಗಳಿಗೆಂದು ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ 35% ಸಹಾಯಧನ, 10 ಲಕ್ಷದ ಮಿತಿ ಇತ್ತು; ಈಗಲೂ ಇದೆಯಾ ವಿಚಾರಿಸು, ಸಿಕ್ಕರೆ ತಗೋ. ಆದರೆ ಉಳಿದ ಸಾಲದ ಕಂತು ಗೆಡ್ಡೆ ಇಲ್ಲದ ತಿಂಗಳಲ್ಲೂ ಬರುತ್ತದೆ. ಗೆಡ್ಡೆ ಕೀಳುವ ಮುಂಚೆ ಹಲಸು ಇದೆಯಲ್ಲ, ಸಕಲೇಶಪುರದ ತೋಟಗಳಲ್ಲಿ ಮಳೆಗೆ ಬಿದ್ದು ಕೊಳೆಯುತ್ತದೆ. ಬಲಿತ ಕಾಯಿಯ ತೊಳೆಗೆ ಅದೇ ಬಾಣಲೆ ಸಾಕು.

ಭಾನುವಾರ ಬಾ. ಜ್ಯೋತಿ, ಚಿಪ್ಸೋನಾ ಎರಡೂ ತರಿಸಿಟ್ಟಿರುತ್ತೇನೆ. ನೀನೇ ಕರಿದು ನೋಡುವೆಯಂತೆ.

ನಿನ್ನ ದೊಡ್ಡಪ್ಪ